‘ಸೂಪರ್’ ಅಂದರೆ ಸಾಕೇ?

ನನ್ನ ಗೆಳತಿಯೊಬ್ಬಳು ಹೆಗ್ಗೋಡಿನಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಾಳೆ. ಅವಳಿಗೆ ಫೋಟೋ ತೆಗೆಯುವ ಹುಚ್ಚು. ಅಡಿಕೆ ತೋಟ, ಮಳೆಯಲ್ಲಿ ನಿಂತ ದನ, ಬಸ್ಸಿನ ಕಿಟಕಿ, ಏನು ಕಂಡರೂ ಮೊಬೈಲಿನಲ್ಲಿ ಹಿಡಿದು ತಂದು ತೋರಿಸುತ್ತಾಳೆ. ನಾನು ಅರ್ಧ ನೋಡಿ ‘ಸೂಪರ್ ಕಣೇ’ ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಯಾರ ಫೋಟೋ ತೋರಿಸಿದರೂ ಅಮ್ಮಿ ‘ಮಾಶಾ ಅಲ್ಲಾಹ್’ ಅನ್ನುತ್ತಾರೆ. ಅವರ ಮಾತಿನಲ್ಲಿ ಪ್ರಾರ್ಥನೆ ಇರುತ್ತದೆ. ನನ್ನ ‘ಸೂಪರ್’ನಲ್ಲಿ ಸೋಮಾರಿತನ ಬಿಟ್ಟು ಬೇರೇನೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ಒಂದು ಸ್ಪರ್ಧೆಗೆ ಫೋಟೋ ಕಳಿಸಿದಳು. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ‘ಚರಕ’ ಇದೆ. ಅಲ್ಲಿ ಹೆಂಗಸರು ಕೈಮಗ್ಗದ ಬಟ್ಟೆ ನೇಯುತ್ತಾರೆ, ನೂಲಿಗೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುತ್ತಾರೆ. ಅಲ್ಲಿ ತೆಗೆದ ಫೋಟೋ ಅದು. ಕಳಿಸುವ ಮುಂಚೆ ‘ಹೇಗಿದೆ ಹೇಳು’ ಅಂದಳು. ಮಗ್ಗದ ಹಿಂದಿನ ಕಿಟಕಿ ಬೆಳ್ಳಗೆ ಉರಿಯುತ್ತಿತ್ತು. ನೇಯುವ ಕೈಗಳು ಕಪ್ಪಾಗಿ ಮುಳುಗಿದ್ದವು. ಅದು ನನಗೆ ಕಂಡಿತು. ಆದರೂ ‘ಸೂಪರ್’ ಅಂದೆ.

ಫೋಟೋ ಆಯ್ಕೆಯಾಗಲಿಲ್ಲ. ಆಮೇಲೆ ಕಿಟಕಿಯ ವಿಷಯ ಹೇಳಿದೆ. ‘ನಿಂಗೆ ಆಗ್ಲೇ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?’ ಅಂದವಳು ಎರಡು ದಿನ ಮಾತು ಬಿಟ್ಟಳು. ಲೆಕ್ಕದಲ್ಲಿ ನಷ್ಟ ಬಚ್ಚಿಟ್ಟರೆ ನಷ್ಟ ಹೋಗುವುದಿಲ್ಲ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿತ ನಾನೇ ಹೀಗೆ ಮಾಡಿದ್ದೆ.

ಇನ್ನು ಮೇಲೆ ನಿಜವನ್ನೇ ಹೇಳುತ್ತೇನೆ ಎಂದು ಹೊರಟೆ. ಸಹಪಾಠಿಯೊಬ್ಬಳು ಜೋಗದ ಫೋಟೋ ತೋರಿಸಿದಾಗ ಎಲ್ಲರ ಮುಂದೆ ‘ಫ್ರೇಮು ಓರೆ, ಕಾಲು ಕತ್ತರಿಸಿದೆ, ಬಣ್ಣ ಜಾಸ್ತಿ’ ಅಂದೆ. ಅವಳು ಅಲ್ಲೇ ಅಳಿಸಿಹಾಕಿದಳು. ಅದು ಅವಳು ತನ್ನ ಅಬ್ಬಾ ಜೊತೆ ಹೋದ ಮೊದಲ ಪ್ರವಾಸದ ಫೋಟೋ ಎಂದು ಆಮೇಲೆ ತಿಳಿಯಿತು.

ಅಕ್ಟೋಬರಿನಲ್ಲಿ ಗೆಳತಿ ನನ್ನನ್ನು ನೀನಾಸಂಗೆ ಕರೆದುಕೊಂಡು ಹೋದಳು. 1949ರಲ್ಲಿ ಶುರುವಾದ ಸಂಸ್ಥೆ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಚರ್ಚಿಸುತ್ತಾರೆ. ಹಿಂದೆ ಕೂತು ಕೇಳಿದೆವು. ‘ಚೆನ್ನಾಗಿತ್ತು’ ಅಂತ ಹೇಳಿ ಯಾರೂ ಸುಮ್ಮನಾಗಲಿಲ್ಲ. ಯಾವ ದೃಶ್ಯ ಮನಸ್ಸಿಗೆ ತಟ್ಟಿತು, ಎಲ್ಲಿ ಅರ್ಥವಾಗಲಿಲ್ಲ ಎಂದು ಬಿಡಿಸಿ ಹೇಳಿದರು.

ಮನೆಗೆ ಬಂದು ದಾದಾಗೆ ಇದನ್ನು ಹೇಳಿದೆ. ಉರ್ದು ಕವಿಗಳು ತಮ್ಮ ಗಜಲನ್ನು ಉಸ್ತಾದರಿಗೆ ತೋರಿಸಿ ತಿದ್ದಿಸಿಕೊಳ್ಳುವುದಕ್ಕೆ ‘ಇಸ್ಲಾಹ್’ ಎನ್ನುತ್ತಾರಂತೆ. ಮುಷಾಯಿರಾದಲ್ಲಿ ‘ವಾಹ್ ವಾಹ್’ ಸಿಗುವುದು ಆಮೇಲೆ. ‘ಆದರೆ ಇಸ್ಲಾಹ್ ಬೇಕು ಅಂತ ಶಿಷ್ಯನೇ ಕೇಳಿಕೊಂಡು ಹೋಗಬೇಕು ಬೇಟಾ’ ಅಂದರು ದಾದಾ. ಜೋಗದ ಫೋಟೋ ತೋರಿಸಿದವಳು ನನ್ನನ್ನು ಏನೂ ಕೇಳಿರಲಿಲ್ಲ. ತನ್ನ ಸಂತೋಷ ಹಂಚಿಕೊಳ್ಳಲು ಬಂದಿದ್ದಳು, ಅಷ್ಟೆ. ಕೇಳಿದವಳಿಗೆ ನಾನು ಹೇಳಿರಲಿಲ್ಲ, ಕೇಳದವಳಿಗೆ ಹೇಳಿದ್ದೆ.

ಮತ್ತೆ ಮಗ್ಗದ ಫೋಟೋ ತೆಗೆಸಿ ಗೆಳತಿಯನ್ನು ಕೇಳಿದೆ, ‘ನೀನು ಇದರಲ್ಲಿ ಏನು ತೋರಿಸ್ಬೇಕು ಅಂತಿದ್ದೆ?’ ‘ಕೈ’ ಅಂದಳು. ‘ನನ್ನ ಕಣ್ಣು ಕಿಟಕಿಗೇ ಹೋಗ್ತದೆ’ ಅಂದೆ. ಅವಳು ಇನ್ನೊಮ್ಮೆ ಹೋಗಿ, ನೇಯುವವರ ಒಪ್ಪಿಗೆ ಕೇಳಿ, ಕಿಟಕಿಗೆ ಬೆನ್ನು ಮಾಡಿ ನಿಂತಳು. ಮೊಬೈಲಿನ ಪರದೆಯಲ್ಲಿ ಕೈಯ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿಕೊಂಡಳು. ಈ ಸಲ ಕೈಯ ನರಗಳೂ ಕೆಂಪು ನೂಲೂ ಸ್ಪಷ್ಟವಾಗಿ ಕಂಡವು.

ಆಮೇಲೆ ನನ್ನ ಸರದಿ. ನಾನು ತೆಗೆದ ದಾದಿಯ ಫೋಟೋ ತೋರಿಸಿ ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿ, ‘ಫೋಟೋಕ್ಕೆ ಅಂತ ಕೂತ್ಹಾಗಿದೆ. ನೀ ಹೇಳ್ತಿರ್ತೀಯಲ್ಲ, ಆ ದಾದಿ ಇವರಲ್ಲ’ ಅಂದಳು. ಚುರುಕ್ ಅಂದಿತು. ಸಂಜೆ ದಾದಿ ಅಕ್ಕಿ ಆರಿಸುತ್ತಾ ಕೂತಿದ್ದರು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಗೆಳತಿ ಹೇಳಿದ್ದು ನಿಜ.

ಜೋಗದ ಫೋಟೋದವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಅವಳು ನಕ್ಕು ‘ಬಿಡೇ’ ಅಂದಳು. ಆ ಫೋಟೋ ಮಾತ್ರ ಮತ್ತೆ ಸಿಗಲಿಲ್ಲ.