ಹಳಿಯ ಪಕ್ಕದಲ್ಲಿ ಮಾನ್ಯಖೇಟಕ್ಕೆ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲು ಚಿತ್ತಾಪುರವನ್ನು ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಎದುರಾಗುತ್ತದೆ. ನಿಲ್ದಾಣದ ಹೆಸರಿಗೆ 'ರೋಡ್' ಎಂಬ ಬಾಲ ಅಂಟಿದ್ದರೆ, ಊರು ಇನ್ನೂ ದೂರವಿದೆ, ಇಳಿದು ಬೇರೆ ಹಾದಿ ಹಿಡಿಯಬೇಕು ಎಂದೇ ಅರ್ಥ. ಗಾಡಿಯಲ್ಲಿ ಕುಳಿತವರಲ್ಲಿ ಆ ಊರನ್ನು ನೆನೆಯುವವರು ವಿರಳ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಇದೇ ಮಳಖೇಡ.

ಈ ರೈಲುಮಾರ್ಗ ತೆರೆದದ್ದು 1874ರಲ್ಲಿ. ಮುಂಬಯಿ-ಮದ್ರಾಸು ಮಾರ್ಗಕ್ಕೆ ವಾಡಿಯಲ್ಲಿ ಸೇರಿಕೊಳ್ಳಲೆಂದು ನಿಜಾಮರ ಸಂಸ್ಥಾನ ಇದನ್ನು ಹಾಕಿಸಿತು. ಹೀಗೆ ಒಂದು ರಾಜಧಾನಿಗಾಗಿ ಹಾಸಿದ ಹಳಿ ಮತ್ತೊಂದು ರಾಜಧಾನಿಯನ್ನು ಪಕ್ಕಕ್ಕೆ ಬಿಟ್ಟು ಸಾಗಿತು.

ಹಳೆಯ ರೈಲುಹಾದಿಯಲ್ಲಿ ಸೈಕಲ್ ಹೊಡೆಯುವ ಹವ್ಯಾಸ ಪಶ್ಚಿಮದಲ್ಲಿ ಬಲು ಜನಪ್ರಿಯ. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವೆ ಹಳಿ ಕಿತ್ತ ದಾರಿಯೊಂದು 1979ರಿಂದ 1986ರ ಅವಧಿಯಲ್ಲಿ ಸೈಕಲ್ ಹಾದಿಯಾಯಿತು. ಅಲ್ಲಿ ಸತ್ತ ಮಾರ್ಗದ ಮೇಲೆ ಸವಾರಿ. ಇಲ್ಲಿ ಹಳಿಗಿನ್ನೂ ಜೀವವಿದೆ. ಕಾಲನಿಗೆ ತುತ್ತಾದುದು ದಾರಿಯ ಕೊನೆಯಲ್ಲಿರುವ ರಾಜಧಾನಿ. ಆದ್ದರಿಂದ ಚಿತ್ತಾಪುರದಿಂದ ಹೊರಟ ಸವಾರನು ರೈಲಿನ ಸರಹದ್ದನ್ನು ತುಳಿಯದೆ, ಹೊಲಗಳ ನಡುವಣ ಬಂಡಿಜಾಡುಗಳಲ್ಲಿ ಹಳಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ಸಾಗಬೇಕು.

ಹಾದಿ ಸುಗಮವೇನೂ ಅಲ್ಲ. ಇದು ಎರೆಭೂಮಿ. ಮಳೆ ಬಿದ್ದರೆ ಕಪ್ಪು ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಸೈಕಲ್ಲನ್ನು ಸವಾರನೇ ಹೊರಬೇಕಾಗುತ್ತದೆ. ಬಿಸಿಲು ಕಾಯ್ದರೆ ಅದೇ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ಬಂಡಿಯ ಗಾಲಿ ಕೊರೆದ ಗುರುತು ಹ್ಯಾಂಡಲನ್ನು ತನ್ನ ಇಷ್ಟಕ್ಕೆ ಎಳೆಯುತ್ತದೆ. ಜಾಲಿಮುಳ್ಳಿನ ಭಯ ಬೇರೆ. ಪಂಪು, ಪಂಕ್ಚರಿನ ಸಾಮಾನು ಇಲ್ಲದೆ ಹೊರಡುವುದು ಜಾಣತನವಲ್ಲ. ಚಳಿಗಾಲವೇ ಪ್ರಶಸ್ತ. ಆಗ ಎರಡೂ ಕಡೆ ತೊಗರಿಯ ಹೊಲಗಳು ಸವಾರನ ಜೊತೆಗಿರುತ್ತವೆ. ಮನೆಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಈ ಸೀಮೆಯದೇ. ದೂರದಲ್ಲಿ ಕಾಣುವ ಸಿಮೆಂಟ್ ಕಾರ್ಖಾನೆಗಳಿಗೂ ಇಲ್ಲಿನ ಸುಣ್ಣಕಲ್ಲೇ ಆಧಾರ.

ಹಳಿಯನ್ನು ಬಿಟ್ಟು ಊರಿನತ್ತ ತಿರುಗಿದವನಿಗೆ ಕೊನೆಗೆ ಕಾಗಿಣಾ ನದಿಯ ದಡದಲ್ಲಿ ಕೋಟೆಯ ಗೋಡೆ ಗೋಚರಿಸುತ್ತದೆ. ಹಂಪೆಯ ವೈಭವವನ್ನು ನಿರೀಕ್ಷಿಸಿ ಬಂದವನಿಗೆ ನಿರಾಶೆ ತಪ್ಪದು. ಒಂದು ಕೋಟೆ, ನೇಮಿನಾಥನ ಪುರಾತನ ಬಸದಿ, ಮಾಧ್ವಯತಿಗಳ ಬೃಂದಾವನಗಳಿರುವ ಮಠ, ಸುತ್ತ ಒಂದು ಸಾಧಾರಣ ಹಳ್ಳಿ. ಕಣ್ಣಿಗೆ ಕಾಣುವುದು ಇಷ್ಟೇ.

ಆದರೆ ಇಲ್ಲಿ ಆಳಿದವನು ಅಮೋಘವರ್ಷ ನೃಪತುಂಗ. ಅವನ ಕಾಲದಲ್ಲಿ, 851ರಲ್ಲಿ, ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದಿರುವ ವೃತ್ತಾಂತವು ಈ ರಾಜ್ಯದ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ 'ಕವಿರಾಜಮಾರ್ಗ' ಅವನ ಆಸ್ಥಾನದ ಶ್ರೀವಿಜಯನ ಕೃತಿ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡಿನ ಎಲ್ಲೆಯನ್ನು ಗುರುತಿಸಿದ ಗ್ರಂಥವದು. ಪುಷ್ಪದಂತನು ಅಪಭ್ರಂಶ ಭಾಷೆಯಲ್ಲಿ 'ಮಹಾಪುರಾಣ'ವನ್ನು ರಚಿಸಿದ್ದೂ ಈ ಊರಿನಲ್ಲಿಯೇ. 972ರಲ್ಲಿ ಮಾಳವದ ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಸ್ವಲ್ಪ ಕಾಲದಲ್ಲಿಯೇ ಸಾಮ್ರಾಜ್ಯವೂ ಅಳಿಯಿತು. ಅರಮನೆ ಹೋಯಿತು, ಪುಸ್ತಕ ಉಳಿಯಿತು. ಆ ಪುಸ್ತಕದ ಮಾತನ್ನೇ ಆಡುವವರು ಇಂದಿಗೂ ಈ ಕಾಗಿಣೆಯ ದಡದಲ್ಲಿ ಬಟ್ಟೆ ಒಗೆಯುತ್ತಾರೆ, ದನಗಳಿಗೆ ನೀರು ಕುಡಿಸುತ್ತಾರೆ.

ಹೊತ್ತು ಇಳಿಯುವ ಮುನ್ನ ಸವಾರನು ನಿಲ್ದಾಣಕ್ಕೆ ಮರಳುತ್ತಾನೆ. ಕಡ್ಡಿಯೊಂದರಿಂದ ಚಕ್ರದ ಮಣ್ಣನ್ನು ಕೆರೆಯುತ್ತಿರುವಾಗ ವೇಗದ ಗಾಡಿಯೊಂದು ನಿಲ್ಲದೆ ಹಾದುಹೋಗುತ್ತದೆ. ಕಿಟಕಿಗಳಲ್ಲಿ ಕೆಲವರು ನಿದ್ರಿಸುತ್ತಿದ್ದಾರೆ. ಒಬ್ಬಿಬ್ಬರು ಫಲಕದ ಹೆಸರನ್ನು ಓದಲು ಕತ್ತು ಹೊರಳಿಸುತ್ತಾರೆ. ಓದಿ ಮುಗಿಸುವಷ್ಟರಲ್ಲಿ ಮಳಖೇಡ ಹಿಂದೆ ಸರಿದಿರುತ್ತದೆ.