ವಿ.ಪಿ.ಯಲ್ಲಿ ಬಂದ ಔಷಧಿ

ಹಳೆಯ ಪತ್ರಿಕೆ ಕೈಗೆ ಸಿಕ್ಕಿದರೆ ನಾನು ಮೊದಲು ಓದುವುದು ಜಾಹೀರಾತುಗಳನ್ನು. ಸುದ್ದಿ ಹೇಗೂ ಹಳತಾಗಿರುತ್ತದೆ. ಆಗಿನ ರಾಜರು, ಯುದ್ಧಗಳು, ಠರಾವುಗಳು ಇತಿಹಾಸದ ಪುಸ್ತಕದಲ್ಲಿ ಸಿಗುತ್ತವೆ. ನಾನೇ ಎಷ್ಟೋ ವರ್ಷದಿಂದ ಅದನ್ನು ಮಕ್ಕಳಿಗೆ ಉರು ಹೊಡೆಸುತ್ತಿದ್ದೇನೆ. ಆದರೆ ಆ ಕಾಲದ ಜನಕ್ಕೆ ಎಲ್ಲಿ ನೋಯುತ್ತಿತ್ತು ಎಂಬುದು ಯಾವ ಪಠ್ಯದಲ್ಲೂ ಇಲ್ಲ. ಅದು ಇರುವುದು ಜಾಹೀರಾತಿನಲ್ಲಿ. ತಲೆನೋವು, ಅಜೀರ್ಣ, ಮಲೇರಿಯಾ, ಉದುರುವ ಕೂದಲು, ಮಗುವಿನ ಹೊಟ್ಟೆಯುಬ್ಬರ, ಹೇಳಿಕೊಳ್ಳಲಾಗದ ಇನ್ನೂ ಹಲವು, ಎಲ್ಲವೂ ಅಲ್ಲಿ ಸಾಲಾಗಿ ನಿಂತಿರುತ್ತವೆ. ಪಕ್ಕದಲ್ಲೇ ಸೋಪು, ಅತ್ತರು, ಗಡಿಯಾರ, ಹೊಲಿಗೆ ಯಂತ್ರ.

ಪತ್ರಿಕೆಯೂ ಜಾಹೀರಾತೂ ನಮ್ಮ ದೇಶದಲ್ಲಿ ಜೊತೆಗೇ ಹುಟ್ಟಿದವು. 1780ರಲ್ಲಿ ಕಲ್ಕತ್ತೆಯಲ್ಲಿ ಹಿಕ್ಕಿ ಎಂಬಾತ ಹೊರಡಿಸಿದ ಮೊದಲ ಪತ್ರಿಕೆ ‘ಬೆಂಗಾಲ್ ಗೆಜೆಟ್’ ತಾನು ಕಲ್ಕತ್ತೆಯ ಅಡ್ವರ್ಟೈಸರ್ ಕೂಡ ಎಂದು ಹೆಸರಿನಲ್ಲೇ ಸಾರಿಕೊಂಡಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಮೊಗ್ಲಿಂಗ್ ಸಾಹೇಬರಿಗೆ ಬಾಸೆಲ್ ಮಿಷನ್ನಿನ ಆಸರೆಯಿತ್ತು. ಅಂಥ ಆಸರೆಯಿಲ್ಲದ ಪತ್ರಿಕೆಗಳಿಗೆ ಜಾಹೀರಾತೇ ಊರುಗೋಲು.

ಆಗ ಮಾರುತ್ತಿದ್ದ ಸಿದ್ಧ ಔಷಧಿಗಳಿಗೆ ‘ಪೇಟೆಂಟ್ ಔಷಧಿ’ ಎಂದು ಹೆಸರು. ತಮಾಷೆಯೆಂದರೆ ಅವುಗಳಲ್ಲಿ ಬಹುಪಾಲಿಗೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕೆಂದರೆ ಒಳಗೆ ಏನೇನಿದೆ ಎಂದು ಬರೆದುಕೊಡಬೇಕು. ಗುಟ್ಟು ಹೊರಬಿದ್ದ ಮೇಲೆ ಗಿರಾಕಿ ಎಲ್ಲಿ? ಆದ್ದರಿಂದ ಹೆಸರನ್ನೂ ಮೊಹರನ್ನೂ ಭದ್ರ ಮಾಡಿಕೊಂಡು, ಶೀಸೆಯೊಳಗಿನದನ್ನು ಮುಚ್ಚಿಟ್ಟರು. ಲಂಡನ್ನಿನ ಥಾಮಸ್ ಹಾಲೊವೆ 1837ರಲ್ಲಿ ಮುಲಾಮು ಮಾರತೊಡಗಿದವನು, ಆಮೇಲೆ ಗುಳಿಗೆಗೆ ಬಂದ. ಅವನ ಜಾಹೀರಾತುಗಳು ಇಂಡಿಯಾದ ಪತ್ರಿಕೆಗಳಿಗೂ ಬಂದವು. ನೂರು ಕಾಯಿಲೆಗೆ ಮದ್ದೆಂದು ಹೇಳಿದ ಆ ಗುಳಿಗೆಯಲ್ಲಿ ಮುಖ್ಯವಾಗಿ ಇದ್ದದ್ದು ಲೋಳೆಸರದಿಂದ ತೆಗೆದ ಭೇದಿಯ ಮದ್ದು. ಜಾಹೀರಾತಿಗೇ ವರ್ಷಕ್ಕೆ ಹತ್ತಾರು ಸಾವಿರ ಪೌಂಡು ಸುರಿದ. ಅದಕ್ಕಿಂತ ಹೆಚ್ಚು ಗಳಿಸಿದ. ಆ ಹಣದಿಂದ ಲಂಡನ್ನಿನ ಹತ್ತಿರ ಹೆಣ್ಣುಮಕ್ಕಳಿಗೊಂದು ಕಾಲೇಜು ಎದ್ದಿತು. 1886ರಲ್ಲಿ ವಿಕ್ಟೋರಿಯಾ ರಾಣಿ ಬಂದು ಅದನ್ನು ಉದ್ಘಾಟಿಸಿದಳು. ಲೋಕದಲ್ಲಿ ಪಾಪಪುಣ್ಯದ ಲೆಕ್ಕ ಎಷ್ಟು ಗೋಜಲು ನೋಡಿ!

ಎಲ್ಲವೂ ಮೋಸವೆಂದು ನಾನು ಹೇಳುವುದಿಲ್ಲ. ಕಾಶೀನಾಥುನಿ ನಾಗೇಶ್ವರ ರಾಯರು 1893ರಲ್ಲಿ ಬೊಂಬಾಯಿಯಲ್ಲಿ ಅಮೃತಾಂಜನ ಶುರುಮಾಡಿ, ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿ ಹೆಸರು ಮಾಡಿಸಿ, ಆ ಸಂಪಾದನೆಯ ಬಲದಿಂದ 1908ರಲ್ಲಿ ‘ಆಂಧ್ರಪತ್ರಿಕೆ’ಯನ್ನೇ ಹೊರಡಿಸಿದರು. ನಮ್ಮ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದರು. ಅವರ ಹಲ್ಲುಪುಡಿ ಮೈಸೂರು ಸೀಮೆಯ ಬಚ್ಚಲುಮನೆಗಳಲ್ಲಿ ಕಾಯಂ ಆಯಿತು. 1916ರಲ್ಲಿ ಗಂಧದೆಣ್ಣೆ ತೆಗೆಯತೊಡಗಿದ ಮೈಸೂರು ಸರ್ಕಾರ ಸ್ವಲ್ಪ ಕಾಲದಲ್ಲೇ ಸೋಪನ್ನೂ ತಂದಿತು. ಹಲ್ಲುಪುಡಿಯನ್ನು ಉಜ್ಜಿ ನೋಡಬಹುದು, ಸೋಪನ್ನು ಮೂಸಿ ನೋಡಬಹುದು. ಒಳಗೆ ಕುಡಿಯುವ ಔಷಧಿಯದೇ ಪೇಚು. ಅದನ್ನು ನಂಬಬೇಕು.

ನಂಬುವುದಕ್ಕೆ ಅಂಚೆಯೂ ನೆರವಾಯಿತು. 1877ರಲ್ಲಿ ವಿ.ಪಿ. ಪದ್ಧತಿ ಬಂದಿತು. ಒಂದು ಕಾರ್ಡು ಬರೆದು ಹಾಕಿದರೆ ಸಾಕು, ಪೊಟ್ಟಣ ಮನೆಬಾಗಿಲಿಗೆ ಬರುತ್ತಿತ್ತು. ಹಣ ಅಂಚೆಯವನ ಕೈಗೆ. ಅಂಗಡಿಗೆ ಹೋಗಲಾಗದವರಿಗೆ, ಡಾಕ್ಟರ ಮುಂದೆ ಬಾಯಿಬಿಡಲಾಗದವರಿಗೆ ಇದೊಂದು ವರವಾಗಿ ಕಂಡಿತು.

ಅಂಥವರಲ್ಲಿ ನಮ್ಮಜ್ಜಿಯೂ ಒಬ್ಬಳು. ನಜರ್‌ಬಾದಿನ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು. ಓದಿದ್ದು ಮೂರನೆಯ ಕ್ಲಾಸು. ಪತ್ರಿಕೆ ಅವಳ ಕೈಗೆ ಬರುತ್ತಿದ್ದದ್ದು ಗಂಡಸರೆಲ್ಲ ಓದಿಯಾಗಿ, ಬೇಳೆ ಕಟ್ಟಿದ ಪೊಟ್ಟಣವಾದ ಮೇಲೆ. ಬೇಳೆ ಸುರುವಿಕೊಂಡು ಕಾಗದ ಬಿಡಿಸಿ ಓದುತ್ತಿದ್ದಳಂತೆ. ನಾನು ಬಿ.ಎಡ್. ಮಾಡುತ್ತಿದ್ದಾಗ, 1993ರ ಬೇಸಿಗೆಯಲ್ಲಿ, ಅವಳ ಟ್ರಂಕು ಒಣಗಿಸುವಾಗ ತಳಕ್ಕೆ ಹಾಸಿದ್ದ ಹಾಳೆಯಲ್ಲಿ ಸ್ತ್ರೀರೋಗದ ಔಷಧಿಯೊಂದರ ಜಾಹೀರಾತು ಕಂಡಿತು. ಗಟ್ಟಿಯಾಗಿ ಓದಿದೆ. ಅಜ್ಜಿ ನಗಲಿಲ್ಲ. “ಅದನ್ನ ನಾನು ಕುಡಿದಿದೀನಿ ಕಣೆ” ಎಂದಳು.

ಮೂರನೆಯ ಹೆರಿಗೆಯ ನಂತರ ಅವಳಿಗೆ ರಕ್ತ ಹೋಗುವುದು ಹೆಚ್ಚಾಯಿತು. ತಿಂಗಳಲ್ಲಿ ಹತ್ತು ಹನ್ನೆರಡು ದಿನ. ಹೊರಗೆ ಕೂತ ಹೆಂಗಸು ಬೇಗ ಒಳಗೆ ಬರಲಿಲ್ಲವೆಂದು ಮನೆಯಲ್ಲಿ ಗೊಣಗಾಟವಿತ್ತೇ ಹೊರತು ಏಕೆಂದು ಯಾರೂ ವಿಚಾರಿಸಲಿಲ್ಲ. ಜಾಹೀರಾತು ವಿಚಾರಿಸಿತು. ತಲೆಸುತ್ತು ಬರುತ್ತದೆಯೇ, ಸೊಂಟ ಸೋಲುತ್ತದೆಯೇ, ಮೆಟ್ಟಿಲು ಹತ್ತಿದರೆ ಏದುಸಿರೇ ಎಂದು ಒಂದೊಂದಾಗಿ ಕೇಳಿತು. ಮಲ್ಲಿಗೆ ಕಟ್ಟಿಕೊಟ್ಟು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಕಾಸಿನಿಂದ ಅಜ್ಜಿ ಶೀಸೆ ತರಿಸಿದಳು. ಅಂಚೆಯವನು ಗಂಡಸರಿಲ್ಲದ ಮಧ್ಯಾಹ್ನದ ಹೊತ್ತು ನೋಡಿ ಕೊಟ್ಟುಹೋಗುತ್ತಿದ್ದ. ಕುಡಿದ ಎರಡು ದಿನ ಮೈಯಲ್ಲಿ ಹುರುಪು, ಆಮೇಲೆ ಮತ್ತೆ ಅದೇ. ಹೀಗೆ ಹನ್ನೊಂದು ವರ್ಷ.

ಕೊನೆಗೊಂದು ದಿನ ಬಾವಿಕಟ್ಟೆಯ ಹತ್ತಿರ ಬಿದ್ದಳು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ನೋಡಿ, ಗರ್ಭಕೋಶದಲ್ಲಿ ಗಡ್ಡೆಯಿದೆ, ಮೈಯಲ್ಲಿ ರಕ್ತವೇ ಇಲ್ಲ ಎಂದರಂತೆ. ಆಪರೇಷನ್ ಆಗಿ ಬದುಕಿದಳು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವೇ ಎಂದು ಡಾಕ್ಟರು ಕೇಳಿದ್ದಕ್ಕೆ ಅಜ್ಜಿ, “ಯಾರೂ ಕೇಳಲಿಲ್ಲ” ಎಂದಳಂತೆ. ನನ್ನ ಹತ್ತಿರ ಇನ್ನೊಂದು ಮಾತು ಸೇರಿಸಿದಳು: “ಕೇಳಿದ್ದು ಆ ಪೇಪರಿನವನು ಒಬ್ಬನೇ. ಅವನು ಸುಳ್ಳು ಹೇಳಿದ, ನಿಜ. ಆದ್ರೆ ಕೇಳಿದ.”

1954ರಲ್ಲಿ ಕೇಂದ್ರ ಸರ್ಕಾರ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯಲು ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ತಂದಿತು. ಮುಟ್ಟಿನ ದೋಷ, ಬಂಜೆತನ, ಗರ್ಭಕೋಶದ ರೋಗ ಇವನ್ನೆಲ್ಲ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು ಅಪರಾಧವಾಯಿತು. ಒಳ್ಳೆಯ ಕಾಯಿದೆ, ಬೇಕಾಗಿತ್ತು. ಆದರೆ ಕಾಯಿದೆ ಸುಳ್ಳು ಉತ್ತರವನ್ನು ನಿಲ್ಲಿಸಬಹುದು. ಮನೆಯವರು ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳಲಾರದು. ಯಾರೂ ಕೇಳದ ಜಾಗದಲ್ಲಿ ಮಾರುವವನು ಬಂದು ಕೂರುತ್ತಾನೆ. ಅಂದು ಪತ್ರಿಕೆಯ ಮೂಲೆಯಲ್ಲಿ ಕೂತಿದ್ದ, ಇಂದು ಮೊಬೈಲಿನಲ್ಲಿ ಕೂತಿದ್ದಾನೆ.

ಈ ಕಾರಣಕ್ಕೇ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತನೆಯ ಕ್ಲಾಸಿನ ಹುಡುಗಿಯರನ್ನು ಕೂರಿಸಿಕೊಂಡು, ಅಜ್ಜಿಯನ್ನು ಆ ಜಾಹೀರಾತು ಕೇಳಿದ್ದನ್ನೇ ನಾನೂ ಕೇಳುತ್ತೇನೆ. ತಲೆಸುತ್ತು ಬರುತ್ತಾ? ಎಷ್ಟು ದಿನ ಹೋಗುತ್ತೆ? ಮೊದಲೆರಡು ವಾರ ಎಲ್ಲರೂ ಬೆಂಚು ನೋಡುತ್ತಾರೆ. ಕಳೆದ ವರ್ಷ ಮೂರನೆಯ ವಾರ ಒಬ್ಬಳು ಉಳಿದುಕೊಂಡು, ಅಮ್ಮ ಮೊಬೈಲಿನಲ್ಲಿ ನೋಡಿ ತರಿಸಿದ ಟಾನಿಕ್ಕನ್ನು ತಾನು ಕುಡಿಯುತ್ತಿರುವುದಾಗಿ ಹೇಳಿದಳು. ಸೋಮವಾರ ಶೀಸೆ ತಂದು ತೋರಿಸಿದಳು. ಹೆಸರು ಹೊಸದು, ಒಕ್ಕಣೆ ಅಜ್ಜಿಯ ಕಾಲದ್ದೇ. ತಾಯಿ ಮಗಳಿಬ್ಬರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಡುಗಿಯ ಹಿಮೋಗ್ಲೋಬಿನ್ ಏಳು ಇತ್ತು. ತಾಯಿಯದೂ ನೋಡಿ ಎಂದೆ. ಅದು ಇನ್ನೂ ಕಡಿಮೆ.