ವಿಚಾರಣೆಯ ಕಿಟಕಿ

ಬೀದರ ಜಿಲ್ಲೆಯ ಗೃಹಸ್ಥನಿಗೆ ಹೈದರಾಬಾದು ಅಂಗಳವಾದರೆ ಸೊಲ್ಲಾಪುರ ಹಿತ್ತಲು. ಹುಮನಾಬಾದಿನ ಹೆದ್ದಾರಿ ಈ ಎರಡೂ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ತುಳಜಾಪುರದ ಅಂಬಾಭವಾನಿಗೆ, ಪಂಢರಪುರದ ವಿಠಲನಿಗೆ ನಡೆದುಕೊಳ್ಳುವ ಮನೆತನಗಳು ಬಸವಕಲ್ಯಾಣದ ಸುತ್ತಮುತ್ತ ಹಲವು. ಆ ದಾರಿಗಳಲ್ಲಿ ಅವರು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಬಸ್ಸು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿಯ ಚಹಾ ಕುಡಿಯಬಹುದು, ಎಲ್ಲಿಯದು ಕುಡಿಯಬಾರದು ಎಂಬುದೆಲ್ಲ ಮನೆಯ ಮಕ್ಕಳಿಗೂ ಬಾಯಿಪಾಠ. ಪೇಚಿಗಿಟ್ಟುಕೊಳ್ಳುವುದು, ಅಂಥ ಮನೆಯ ಹಿರಿಯ ಜೀವವೊಂದು ಎಪ್ಪತ್ತರ ಹೊಸ್ತಿಲು ದಾಟಿದ ಮೇಲೆ, “ಸಮುದ್ರ ಅಂದ್ರ ಹ್ಯಾಂಗಿರ್ತದೋ, ಒಂದ್ಸಲ ನೋಡ್ಬೇಕಲ್ಲೋ ತಮ್ಮಾ” ಎಂದು ಬಾಯಿಬಿಟ್ಟಾಗ.

ಕಡಲು ಕನ್ನಡನಾಡಿನದೇ; ಆದರೆ ಕಲ್ಯಾಣದ ಸೀಮೆಗೆ ಅದು ಇನ್ನೂ ಹೊಸ ನೆಂಟ. 1956ರ ನವೆಂಬರ್ 1ಕ್ಕೆ ಮೊದಲು ಬೀದರವು ಹೈದರಾಬಾದು ರಾಜ್ಯದಲ್ಲಿಯೂ, ಉತ್ತರ ಕನ್ನಡವು ಮುಂಬಯಿಯಲ್ಲಿಯೂ, ದಕ್ಷಿಣ ಕನ್ನಡವು ಮದರಾಸಿನಲ್ಲಿಯೂ ಇದ್ದವು. ಮೂವರೂ ಒಂದೇ ಮನೆಯವರಾಗಿ ಏಳು ದಶಕಗಳಾಗುತ್ತ ಬಂದರೂ ಹೋಗಿಬರುವ ರೂಢಿ ಬೆಳೆಯಲಿಲ್ಲ. ಬೆಳೆಯುವುದಾದರೂ ಹೇಗೆ? ನಡುವೆ ಐನೂರಕ್ಕೂ ಹೆಚ್ಚು ಕಿಲೋಮೀಟರುಗಳ ಹಾದಿ, ಕೊನೆಯಲ್ಲಿ ಸಹ್ಯಾದ್ರಿಯ ಗೋಡೆ. ಹಿಂದೆ ಹೀಗಿರಲಿಲ್ಲವೆಂಬುದು ಸೋಜಿಗ. ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನು ತನ್ನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬರ ಇಮ್ಮಡಿ ಜಯಕೇಶಿಗೆ ಕೊಟ್ಟಿದ್ದನು. ಒಂಬೈನೂರು ವರ್ಷಗಳ ಹಿಂದೆ ಹೆಣ್ಣು ಕೊಟ್ಟು ತರುವಷ್ಟು ಹತ್ತಿರವಾಗಿದ್ದ ಕಡಲು, ಈಗ ಬಸ್ಸು ರೈಲುಗಳ ಕಾಲದಲ್ಲಿ ದೂರವಾಗಿ ಕುಳಿತಿದೆ.

ಹುಮನಾಬಾದಿನ ಅಂಥದೊಂದು ಮನೆಯನ್ನು ತೆಗೆದುಕೊಂಡರೆ ಸಾಕು. ಮನೆಯ ಯಜಮಾನ ಸರ್ಕಾರಿ ಗುಮಾಸ್ತ. ಅವ್ವನ ಮಾತು ಕೇಳಿದ ದಿನದಿಂದ ಅವನ ಮನೆಯಲ್ಲಿ ಸಂಜೆಯ ಸಭೆ ಪ್ರಾರಂಭವಾಗುತ್ತದೆ. ಸಭೆಯಲ್ಲಿ ಎಲ್ಲರೂ ಬಲ್ಲವರೇ. ಮದುವೆಯ ಹೊಸದರಲ್ಲಿ ಗೋಕರ್ಣಕ್ಕೆ ಹೋಗಿಬಂದ ಭಾವಮೈದುನ ಒಂದು ಹೇಳುತ್ತಾನೆ. ಮೊಬೈಲಿನಲ್ಲಿ ಮುರುಡೇಶ್ವರದ ಚಿತ್ರಗಳನ್ನು ನೋಡಿದ ಮಗಳು ಇನ್ನೊಂದು ಹೇಳುತ್ತಾಳೆ. ಚಿತ್ರದಲ್ಲಿ ಆಕಾಶ ಯಾವಾಗಲೂ ನೀಲಿ. ಅದನ್ನು ಯಾವ ತಿಂಗಳಲ್ಲಿ ತೆಗೆದರೆಂದು ಯಾರೂ ಕೇಳುವುದಿಲ್ಲ. ಮೂರು ಸಂಜೆಗಳ ಚರ್ಚೆಯ ನಂತರ ಮೇ ತಿಂಗಳ ಕೊನೆಯ ವಾರ ಗೊತ್ತಾಗುತ್ತದೆ. ಮಕ್ಕಳಿಗೆ ರಜೆ, ಹುಮನಾಬಾದಿನಲ್ಲಿ ಬೆಂಕಿಯಂಥ ಬಿಸಿಲು, ಸಮುದ್ರದ ದಂಡೆ ತಂಪಾಗಿರುತ್ತದೆ. ಐದು ದಿನಗಳಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಹನ್ನೊಂದು ಸ್ಥಳಗಳು! ಕಾಗದದ ಮೇಲೆ ಪಟ್ಟಿ ಬಲು ಸೊಗಸಾಗಿದೆ.

ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಈ ಪಟ್ಟಿಗೆ ಮೊದಲ ಏಟು ಬೀಳುತ್ತದೆ. ಅಲ್ಲಿ ಕುಳಿತವರು ಹುಬ್ಬಳ್ಳಿಯವರೆಗೆ ನಿಮಿಷ ತಪ್ಪದಂತೆ ಹೇಳಬಲ್ಲರು. ಆಚೆಯದು ಬೇರೆ ರಾಜ್ಯಭಾರ. ಬೀದರದ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆಯವು, ಕಾರವಾರದವು ವಾಯವ್ಯ ಸಾರಿಗೆಯವು, ಮಂಗಳೂರಿನವು ಇನ್ನೊಂದು ನಿಗಮದವು. ಇದರ ಮೇಲೆ ಉಡುಪಿ, ಮಂಗಳೂರುಗಳ ಸುತ್ತ ಊರೂರಿಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರವು. ಸರ್ಕಾರದ ವೇಳಾಪಟ್ಟಿಯಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ರೈಲಿನ ಮಾತೆತ್ತಿದರೆ ಹುಬ್ಬಳ್ಳಿಯಿಂದ ಅಂಕೋಲೆಗೆ ಹಾಕಬೇಕೆಂದ ಹಳಿ ಇನ್ನೂ ಮಾತಿನಲ್ಲಿಯೇ ಇದೆ. “ಮುಂದಿನದು ಅಲ್ಲೇ ಕೇಳ್ಕೋಬೇಕ್ರಿ” ಎಂದು ಕಿಟಕಿಯವರು ಕೈಮುಗಿಯುತ್ತಾರೆ. ಇದು ಸರ್ಕಾರಿ ಉದಾಸೀನವೆಂದು ಗುಮಾಸ್ತನಿಗೆ ತೋರಬಹುದು. ವಾಸ್ತವವಾಗಿ ಆ ದಿನ ಅವನಿಗೆ ಸಿಕ್ಕ ಸಲಹೆಗಳಲ್ಲೆಲ್ಲ ಇದೇ ಹೆಚ್ಚು ಬೆಲೆಯುಳ್ಳದ್ದು.

ಕರಾವಳಿಯ ಮೂರು ಜಿಲ್ಲಾ ಕೇಂದ್ರಗಳಲ್ಲಿಯೂ ಪ್ರವಾಸೋದ್ಯಮ ಇಲಾಖೆಯ ಕಚೇರಿಗಳಿವೆ. ಇಂಥ ಕಚೇರಿಗಳನ್ನು ಹೊಗಳುವವರು ವಿರಳ. ಒಂದು ಮೇಜು, ಅಂಚು ಸುರುಟಿದ ಭಿತ್ತಿಚಿತ್ರಗಳು, ಕೇಳಿದರೆ ಮಾತ್ರ ಕೈಗೆ ಬರುವ ಒಂದು ನಕ್ಷೆ, ಇಷ್ಟೇ ಅಲ್ಲಿನ ವೈಭವ. ಆದರೆ ಆ ಮೇಜಿನ ಹಿಂದೆ ಕುಳಿತವನು ನಿನ್ನೆಯ ಮಳೆಯಲ್ಲಿ ನೆನೆದವನು. ನಕ್ಷೆಗೆ ದೂರ ಗೊತ್ತು. ಕಾಲ ಗೊತ್ತಿರುವುದು ಅವನಿಗೆ.

ಉಡುಪಿಗೆ ಮಾಡಿದ ಮೊದಲ ದೂರವಾಣಿಯಲ್ಲಿಯೇ ಹನ್ನೊಂದು ಸ್ಥಳಗಳ ಪಟ್ಟಿ ಕುಸಿಯುತ್ತದೆ. ಮೇ ಮುಗಿಯುವ ಹೊತ್ತಿಗೆ ಕಡಲು ಕೆರಳತೊಡಗುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಲು ಹೋಗುವ ದೋಣಿಗಳು ಮಳೆಗಾಲದಲ್ಲಿ ಓಡುವುದಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆಯೂ ನಿಷಿದ್ಧ. ಯಕ್ಷಗಾನದ ಮೇಳಗಳು ಆ ಹೊತ್ತಿಗೆ ಗೆಜ್ಜೆ ಬಿಚ್ಚಿರುತ್ತವೆ. ವರ್ಷಕ್ಕೆ 900 ಮಿಲಿಮೀಟರಿನ ಆಸುಪಾಸಿನ ಮಳೆ ಕಂಡವರಿಗೆ 4000 ಮಿಲಿಮೀಟರಿನ ಮಳೆ ಎಂದರೇನೆಂದು ದೂರವಾಣಿಯಲ್ಲಿ ತಿಳಿಹೇಳುವುದು ಸುಲಭವಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಪ್ರಾಣಗಳು ಹೋದುದನ್ನು ಹುಮನಾಬಾದಿನವರೂ ಪತ್ರಿಕೆಯಲ್ಲಿ ಓದಿದ್ದರು. ತಾವು ಹಿಡಿಯಬೇಕೆಂದಿರುವ ಹಾದಿ ಅದೇ ಎಂಬುದು ಮಾತ್ರ ಹೊಳೆದಿರಲಿಲ್ಲ.

ಸಂಭಾಷಣೆಯೂ ಸರಾಗವಾಗಿ ನಡೆಯುತ್ತದೆಂದು ಓದುಗರು ಭಾವಿಸಬಾರದು. “ದೋಣಿ ಈಗ ಇಲ್ಲ, ಮತ್ತೆ ಉಂಟು” ಎನ್ನುತ್ತಾನೆ ಅತ್ತ ಕಡೆಯವನು. ಇಲ್ಲವೆಂದವನೇ ಉಂಟೆನ್ನುವುದೆಂತು? ಬೀದರದ ಕಿವಿಗೆ ‘ಮತ್ತೆ’ ಎಂದರೆ ಇನ್ನೊಮ್ಮೆ. ಉಡುಪಿಯ ಬಾಯಿಯಲ್ಲಿ ಅದು ‘ಆಮೇಲೆ’. ಎರಡೂ ಕನ್ನಡವೇ. ಈ ‘ಆಮೇಲೆ’ ಎಂದರೆ ಮಳೆ ಪೂರ್ತಿ ಹಿಂದೆಗೆದ ಮೇಲೆ ಎಂದು ತಿಳಿಯುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಜನವರಿಯಲ್ಲಿ ಹುಮನಾಬಾದಿನವರು ವೀರಭದ್ರೇಶ್ವರನ ಜಾತ್ರೆ ಬಿಟ್ಟು ಕದಲುವವರಲ್ಲ. ಅದೂ ಅಲ್ಲದೆ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ. ಆಗ ಅಲ್ಲಿ ಕೋಣೆ ಸಿಕ್ಕುವುದು ಕಷ್ಟ. ಕೊನೆಗೆ ಡಿಸೆಂಬರ್ ಎಂದು ನಿಶ್ಚಯವಾಗುತ್ತದೆ. ಅವ್ವ ಏಳು ತಿಂಗಳು ಕಾಯಬೇಕು. ಎಪ್ಪತ್ತರ ಮೇಲಿನ ಏಳು ತಿಂಗಳು ಚಿಕ್ಕ ಅವಧಿಯಲ್ಲ. ಮಗನಿಗೆ ಅದೇ ಕೊರಗು.

ಡಿಸೆಂಬರಿನಲ್ಲಿಯೂ ಕಡಲು ಕೆರೆಯಾಗುವುದಿಲ್ಲ. ಬಯಲುಸೀಮೆಯವರ ತೊಡಕೆಲ್ಲ ಇಲ್ಲಿದೆ: ಅವರು ನೀರನ್ನು ಆಳದಿಂದ ಅಳೆಯುತ್ತಾರೆ. ಬಾವಿಯಾದರೆ ಹಗ್ಗ ಇಳಿಬಿಡಬಹುದು, ತ್ರಿಪುರಾಂತದ ಕೆರೆಯಾದರೆ ದಂಡೆಯಲ್ಲಿ ನಿಂತು ಅಂದಾಜು ಮಾಡಬಹುದು. ಸಮುದ್ರದಲ್ಲಿ ಮೊಣಕಾಲುದ್ದದ ನೀರಿಗೂ ಸೆಳೆತವಿದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರನ್ನು ಮುರುಡೇಶ್ವರದ ಅಲೆಗಳು ಎಳೆದುಕೊಂಡವು. ಅವರೂ ಒಳನಾಡಿನ ಮಕ್ಕಳೇ. ಕಲ್ಯಾಣದಲ್ಲಿ ಪಂಚಾಂಗ ನೋಡುವುದು ಹಬ್ಬಕ್ಕೆ, ಮುಹೂರ್ತಕ್ಕೆ. ಕಡಲ ತೀರದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳನ್ನು ನೀರಿಗಾಗಿಯೂ ನೋಡಬೇಕು, ಅಂದು ಉಬ್ಬರ ಹೆಚ್ಚು. ಮುಂಜಾನೆ ಕುಳಿತಿದ್ದ ಬಂಡೆಗೆ ಮಧ್ಯಾಹ್ನ ದಾರಿಯೇ ಇಲ್ಲದಿರಬಹುದು. ಕೇಂದ್ರದವನು ಇದನ್ನು ಹೇಳುವುದು ಗೋಡೆಯ ಮೇಲಿನ ಸೂಚನೆಯಂತೆ ಅಲ್ಲ. ಮಕ್ಕಳು ನೀರಿಗಿಳಿಯಲೇಬೇಕೆಂದರೆ ಪಡುಬಿದ್ರೆಗೆ ಹೋಗಿರಿ, ಈಜುವ ಜಾಗವನ್ನು ಗುರುತು ಮಾಡಿದ್ದಾರೆ, ಕಾವಲಿಗೆ ಜೀವರಕ್ಷಕರಿದ್ದಾರೆ ಎನ್ನುತ್ತಾನೆ. ಅಂತರರಾಷ್ಟ್ರೀಯ ನೀಲಿ ಧ್ವಜ 2020ರಲ್ಲಿ ದೊರೆತ ಕಡಲ ತೀರವದು. ಗೋಕರ್ಣಕ್ಕೆ ರೈಲಿನಲ್ಲಿ ಹೋಗುವುದಾದರೆ ನಿಲ್ದಾಣದಿಂದ ಊರು ಹತ್ತು ಕಿಲೋಮೀಟರಿನಷ್ಟು ದೂರ, ರಾತ್ರಿ ಇಳಿಯಬೇಡಿರಿ ಎಂಬುದನ್ನೂ ಸೇರಿಸುತ್ತಾನೆ.

ಹೀಗೆ ಸ್ಥಳೀಯನೊಬ್ಬನ ಮಾತಿನ ಬೆಲೆ ಏನೆಂಬುದು ಕಲ್ಯಾಣದವರಿಗೆ ತಿಳಿಯದ್ದಲ್ಲ. ತಮ್ಮೂರಿಗೆ ಬಂದವರು 108 ಅಡಿಯ ಬಸವಣ್ಣನ ಮೂರ್ತಿಗೆ ಕೈಮುಗಿದು ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನೂ ನಾರಾಯಣಪುರದ ಗುಡಿಯನ್ನೂ ನೋಡದೆ ಹಿಂತಿರುಗಿದಾಗ, “ಒಂದ್ಮಾತು ಕೇಳಿದ್ರ ಹೇಳ್ತಿದ್ದಿಲ್ಲೇನ್ರಿ?” ಎಂದು ನೊಂದುಕೊಳ್ಳುವವರು ಅವರೇ. ಜಲಸಂಗಿಯ ಗುಡಿಯ ಗೋಡೆಯಲ್ಲಿ ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆಯನ್ನು ಹುಮನಾಬಾದಿನ ದಾರಿಯಲ್ಲಿ ಯಾರಾದರೂ ಬೆರಳು ಮಾಡಿ ತೋರಿಸದಿದ್ದರೆ ಹೊರಗಿನವನಿಗೆ ಕಾಣುವುದೆಲ್ಲಿ? ಆದರೆ ತಾನೇ ಪ್ರವಾಸಿಯಾದಾಗ ಮನುಷ್ಯನಿಗೆ ಕೇಳುವುದೆಂದರೆ ಏನೋ ಸಂಕೋಚ.

ಹುಬ್ಬಳ್ಳಿಯಿಂದ ರಾತ್ರಿಯಿಡೀ ಘಟ್ಟ ಇಳಿದು ಉಡುಪಿಗೆ ಬಂದ ಕುಟುಂಬ, ಬೆಳಗ್ಗೆ ಆ ಮೇಜಿನ ಮುಂದೆ ಕುಳಿತಿರುತ್ತದೆ. ಪಟ್ಟಿಯಲ್ಲಿ ಈಗ ಉಳಿದಿರುವುದು ನಾಲ್ಕೇ ಸ್ಥಳ. ಅಷ್ಟು ಹೊತ್ತು ಸುಮ್ಮನಿದ್ದ ಮುದುಕಿ ಬಾಯಿತೆರೆಯುತ್ತಾಳೆ: “ನಂಗ ಉಸುಕಿನಾಗ ನಡೀಲಿಕ್ಕ ಬರಂಗಿಲ್ಲಪ್ಪಾ, ಮೊಣಕಾಲ ನೋವದ. ಕುಂತಲ್ಲಿಂದ ಕಾಣೂ ಜಾಗ ಎಲ್ಲೆರೆ ಅದ ಏನು?” ಏಳು ತಿಂಗಳ ಸಿದ್ಧತೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಇದು. ಮಗ ತಲೆ ತಗ್ಗಿಸುತ್ತಾನೆ. ಮೇಜಿನ ಹಿಂದಿನವನು ನಗುತ್ತಾನೆ. “ನೀವು ರಾತ್ರಿ ಅದರ ಬದಿಯಿಂದಲೇ ಬಂದದ್ದು ಅಮ್ಮ, ಮಲಗಿರಬೇಕು. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಬಸ್ಸಿನಿಂದ ಇಳಿಯುವುದೂ ಬೇಡ. ಬೈಂದೂರಿನ ಕಡೆ ಹೋಗುವ ಬಸ್ಸು ಹತ್ತಿ, ಎಡಗಡೆಯ ಕಿಟಕಿಯಲ್ಲಿ ಕೂತುಕೊಳ್ಳಿ.”

ಮರವಂತೆ ಬರುವುದು ಕುಂದಾಪುರ ದಾಟಿದ ಮೇಲೆ; ಉಡುಪಿಯಿಂದ ಒಂದು ಗಂಟೆಗೂ ಮೀರಿದ ಹಾದಿ. ಅಲ್ಲಿಯವರೆಗೆ ಎಲೆಅಡಿಕೆ ಹಾಕಿಕೊಂಡು ಒರಗಿಕೋ ಎಂದು ಮಗ ಎಷ್ಟು ಹೇಳಿದರೂ ಮುದುಕಿ ಉಡುಪಿಯ ನಿಲ್ದಾಣದಲ್ಲಿಯೇ ಕಿಟಕಿಯ ಸರಳು ಹಿಡಿದು ಕುಳಿತಳು. ಪಕ್ಕದ ಆಸನದ ಮೊಮ್ಮಗಳಿಗೂ ಆ ಜಾಗ ಬಿಟ್ಟುಕೊಡಲಿಲ್ಲ.